ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಫಾರ್ವರ್ಡ್

ನನ್ನ ಅಳಿಯ ಭೀಮನ ವಿಡಿಯೋವನ್ನು ಹಾಸನದಲ್ಲಿ ನೋಡದವರು ಕಡಿಮೆ. ಮೊನ್ನೆ ಹೊಳೆನರಸೀಪುರದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿ ಅದನ್ನೇ ನೋಡಿ ನಗುತ್ತಿದ್ದಳು. ಪಕ್ಕದಲ್ಲಿ ಇರುವವಳು ಅವನ ಅತ್ತೆ ಎಂದು ಅವಳಿಗೆ ಗೊತ್ತಿರಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಒಬ್ಬ ದಪ್ಪ ಗಂಡಸು ಆಡುತ್ತಿದ್ದ ಚೆಂಡನ್ನು ಬಿಟ್ಟು ಬಗ್ಗುತ್ತಾನೆ. ಎದುರಾಳಿಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ಎದುರಾಳಿ ಚೆಂಡು ತೆಗೆದುಕೊಂಡು ಹೊರಟುಹೋಗಿರುತ್ತಾನೆ. ಮತ್ತೆ ಅದೇ, ಮತ್ತೆ ಅದೇ. ಹಿಂದೆ ಗಂಟೆ, ಜಾಗಟೆ ಸದ್ದು ಸೇರಿಸಿದ್ದಾರೆ. ವಿಡಿಯೋ ಅಷ್ಟೇ.

ಆಟ ಅಷ್ಟಕ್ಕೇ ಮುಗಿದಿರಲಿಲ್ಲ. ಹೇಗೆ ಮುಗಿಯಿತು ಎಂದು ಹೇಳುವವರು ಯಾರೂ ಕಾಣಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಬರೆಯುವುದು ನನಗೆ ಬಹಳ ನಿಧಾನ. ನನ್ನ ಸಿಟ್ಟು ಆರುವುದು ಅದಕ್ಕಿಂತ ನಿಧಾನ, ಹಾಗಾಗಿ ತೊಂದರೆ ಇಲ್ಲ.

ಭೀಮ ಕಟ್ಟಾಯದವನು. ಅವನನ್ನು ಸಾಕಿದವಳು ಅಜ್ಜಿ ಚಿಕ್ಕಲಕ್ಷ್ಮಮ್ಮ. ಚಿಕ್ಕ ಮನೆ, ತುಂಬಾ ಜನ. ಮಲಗಿದರೆ ಒಬ್ಬರ ಕಾಲು ಇನ್ನೊಬ್ಬರ ತಲೆಯ ಹತ್ತಿರ. ಆ ಮನೆಯಲ್ಲಿ ಕಾಲು ತಾಗದ ದಿನವೇ ಇಲ್ಲ. ತಾಗಿದರೆ ತಾಗಿದ ಜಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮನುಷ್ಯರಿಗೆ ತಾಗಿದರೂ ಸರಿ, ಮೊರಕ್ಕೆ, ಪೊರಕೆಗೆ ತಾಗಿದರೂ ಸರಿ. ಮರೆತರೆ ಚಿಕ್ಕಲಕ್ಷ್ಮಮ್ಮನ ಕೈಯ ಸೌಟು ಬೆನ್ನಿಗೆ ಬೀಳುತ್ತಿತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದನ್ನು ಹೇಳಿಕೊಡುತ್ತಾರೆ, ಮಕ್ಕಳು ದೊಡ್ಡವರಾದ ಹಾಗೆ ಅರ್ಧ ಮರೆಯುತ್ತಾರೆ. ಭೀಮ ಮರೆಯಲಿಲ್ಲ. ಧೂಳು ಬಂದರೆ ರೆಪ್ಪೆ ಮುಚ್ಚಿಕೊಳ್ಳುವ ಹಾಗೆ ಅವನ ಕೈ ತಾನಾಗಿ ಹೋಗುತ್ತದೆ.

ಮೀಸೆ ಮೂಡುವ ವಯಸ್ಸಿಗೆ ಹಾಸನಕ್ಕೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಕೆಲಸಕ್ಕೆ ಸೇರಿದ. ಆಲೂಗಡ್ಡೆ, ಶುಂಠಿ, ಜೋಳ, ಬಂದ ಮೂಟೆ ಹೊರುವುದು. ಲಾರಿಯ ಮೇಲಿಂದ ಮೂಟೆ ಬೆನ್ನಿಗೆ ಬೀಳುವಾಗ ಹೊರುವವನು ತಿರುಗಿ ನೋಡುವುದಿಲ್ಲ. ಭಾರ ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಬೆನ್ನೇ ಹೇಳುತ್ತದೆ. ಅದಕ್ಕೆ ತಕ್ಕ ಹಾಗೆ ಸೊಂಟ ಕೊಟ್ಟು ತಿರುಗಬೇಕು, ಇಲ್ಲದಿದ್ದರೆ ಬೀಳುತ್ತಾನೆ.

ಭೀಮ ಫುಟ್‌ಬಾಲ್ ಆಡುವುದೂ ಹೀಗೇ. ಎದುರಾಳಿಯ ಗೋಲಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಚೆಂಡು ಅವನ ಕಾಲಿಗೆ ಬರುತ್ತದೆ. ನಮ್ಮ ಜಿಲ್ಲೆಯ ಬೇರೆ ತಂಡಗಳ ಡಿಫೆಂಡರುಗಳು ಹಿಂದಿನಿಂದ ಬಂದು ಬೆನ್ನಿಗೆ ಬೀಳುತ್ತಾರೆ, ತಳ್ಳುತ್ತಾರೆ. ಅವರು ಬಲಕ್ಕೆ ವಾಲಿದರೆ ಇವನು ಎಡಕ್ಕೆ ತಿರುಗುತ್ತಾನೆ, ಎಡಕ್ಕೆ ವಾಲಿದರೆ ಬಲಕ್ಕೆ. ತಳ್ಳುತ್ತಿದ್ದವನು ಮೂಟೆಯ ಹಾಗೆ ಕೆಳಗೆ ಬಿದ್ದಿರುತ್ತಾನೆ, ಭೀಮ ಗೋಲಿನ ಮುಂದೆ ಇರುತ್ತಾನೆ. ಓಡುವುದರಲ್ಲಿ ಅವನು ಹಿಂದೆ. ಓಡಬೇಕಾದ ಅಗತ್ಯವೇ ಅವನಿಗೆ ಬಂದಿರಲಿಲ್ಲ.

ಇದೆಲ್ಲ ನಾನು ಎದುರಿಗೇ ಕಂಡದ್ದು. ನನ್ನ ಯಜಮಾನರು ರಂಗಸ್ವಾಮಿ ಹಾಸನದಲ್ಲಿ ಅವನು ಆಡುವ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನಾನು ಮೂಲೆಯ ಹೊಂಗೆ ಮರದ ಕೆಳಗೆ ಚುರುಮುರಿ ಮಾರುತ್ತಿದ್ದೆ. ಆಟ ಮುಗಿಸಿ ಚುರುಮುರಿ ತಿನ್ನಲು ಬರುತ್ತಿದ್ದ ಹುಡುಗನಿಗೇ ಮಗಳು ಧನಲಕ್ಷ್ಮಿಯನ್ನು ಕೊಟ್ಟೆವು. ಯಜಮಾನರು ಹೋದ ಮೇಲೆ ನಾನು ಅವರ ಮನೆಯಲ್ಲೇ ಇದ್ದೇನೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಅಡುಗೆಮನೆಯಿಂದ, ಮಗಳ ಮೂಲಕ. "ಧನು, ಅವ್ರಿಗೆ ಊಟಕ್ಕೆ ಏಳಾಕೆ ಯೋಳವ್ವ" ಅನ್ನುತ್ತೇನೆ. ಅವನು ನಡುಮನೆಯಿಂದ, "ಅತ್ತೆ ಉಂಡ್ರಾ ಕೇಳು" ಅನ್ನುತ್ತಾನೆ. ಬರೆಯುವಾಗ ಅವನು ಅನ್ನುತ್ತಿದ್ದೇನೆ, ಮನೆಯಲ್ಲಿ ಅವರು.

ಒಂಬತ್ತನೇ ನಂಬರಿನ ಜೆರ್ಸಿ ಅವನದು. ಯಾರ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. "ಏಯ್ ಹಮಾಲಿ" ಅಂದರೆ ಯಾರು ಹತ್ತಿರ ಇದ್ದರೋ ಅವರು ಹೋಗಬೇಕು. ಭಾನುವಾರ ಆ ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಇಳಿದರೆ ಮಾತ್ರ ಅವನು ಭೀಮ. ಚನ್ನರಾಯಪಟ್ಟಣದವರೂ ಅರಕಲಗೂಡಿನವರೂ "ಭೀಮ ಬಂದವ್ನಾ?" ಎಂದು ಮೊದಲು ಕೇಳುತ್ತಿದ್ದರು. ವಾರ ಪೂರ್ತಿ ಮೂಟೆ ಹೊರುವುದಕ್ಕೆ ಅಷ್ಟು ಸಾಕಾಗಿತ್ತು ಅವನಿಗೆ.

ಆ ಜೆರ್ಸಿಯ ಮೇಲೆ ಶಾಂತರಾಜುವಿನ ಕಣ್ಣು ಬಿತ್ತು.

ಶಾಂತರಾಜು ಭೀಮ ಆಡುವ ಉದಯ ತಂಡದ ಸೆಕ್ರೆಟರಿ, ಸಿಮೆಂಟ್ ಅಂಗಡಿಯವನು. ಅವನ ಅಕ್ಕನ ಮಗ ಹರ್ಷವರ್ಧನ್ ಕಾಲೇಜು ಮುಗಿಸಿ ತಂಡಕ್ಕೆ ಬಂದಿದ್ದ. ಹುಡುಗ ಗಾಳಿಯ ಹಾಗೆ ಓಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಚೆಂಡನ್ನು ಮುಂದಕ್ಕೆ ತಳ್ಳಿ ಡಿಫೆಂಡರ್ ತಿರುಗುವಷ್ಟರಲ್ಲಿ ದಾಟಿರುತ್ತಾನೆ. ಮೊದಲು ಭೀಮ, ಹರ್ಷ ಇಬ್ಬರೂ ಮುಂದೆ ಆಡುತ್ತಿದ್ದರು. ಶಾಂತರಾಜು ಟಿವಿಯಲ್ಲಿ ದೊಡ್ಡ ದೊಡ್ಡ ಆಟ ನೋಡಿ, ಈಗ ಎಲ್ಲರೂ ಮುಂದೆ ಒಬ್ಬನನ್ನೇ ನಿಲ್ಲಿಸುತ್ತಾರೆ, ನಾವೂ ಹಾಗೇ ಮಾಡಬೇಕು ಎಂದು ಹಟ ಹಿಡಿದ. ಒಬ್ಬನೇ ಅಂದರೆ ಯಾರು ಎನ್ನುವುದು ಎಲ್ಲರಿಗೂ ಅರ್ಥವಾಯಿತು.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಒಂದು ಕ್ಲಬ್ಬಿನವರು ಮಂಗಳೂರಿಗೆ ಆಡಲು ಹೋಗುವವರಿದ್ದರು. ಸಂಬಳ ತೆಗೆದುಕೊಂಡು ಆಡುವವರು, ಅದೇ ಅವರ ಉದ್ಯೋಗ. ದಾರಿಯಲ್ಲಿ ಹಾಸನದಲ್ಲಿ ಒಂದು ಆಟ ಆಡಿ ಹೋಗಲು ಶಾಂತರಾಜು ಒಪ್ಪಿಸಿದ. ಹಿಂದಿನ ಸಂಜೆ ಎಲ್ಲರ ಮುಂದೆ ಹೇಳಿದ, "ನೋಡ್ರಪ್ಪ, ನಾಳೆ ಈ ಪ್ರೊಫೆಷನಲ್‌ಗಳ ಎದ್ರು ಯಾರು ನಿಲ್ತಾನೋ ಅವನಿಗೇ ಒಂಬತ್ತು. ಅರಕಲಗೂಡು ಟೂರ್ನಮೆಂಟಿಗೂ ಅವನೇ, ಆಮೇಲೂ ಅವನೇ. ಇನ್ನೊಬ್ಬ ಬೆಂಚು."

ಭೀಮ ಮನೆಗೆ ಬಂದು ಅದನ್ನು ಧನಲಕ್ಷ್ಮಿಗೆ ಹೇಳಿದ, ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಅವನಿಗೆ ಮೂವತ್ತು ದಾಟಿದೆ. ಬೆಂಚು ಅಂದರೆ ಮನೆ ಎಂದೇ ಅರ್ಥ.

ಬೆಂಗಳೂರಿನವರ ಬಸ್ಸು ತಡವಾಗಿ ಬಂತು, ಹಿರೀಸಾವೆಯಲ್ಲಿ ತಿಂಡಿಗೆ ನಿಲ್ಲಿಸಿದ್ದರಂತೆ. ಇಳಿದವರನ್ನು ನೋಡಿ ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದರು. ನಾಲ್ಕನೇ ನಂಬರಿನ ಡಿಫೆಂಡರ್ ಒಬ್ಬ ಇದ್ದ, ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿದ. ಎತ್ತರ ಇದ್ದವರು ಸಾಮಾನ್ಯವಾಗಿ ನಿಧಾನ ಇರುತ್ತಾರೆ. ಇವನು ಹಾಗಿರಲಿಲ್ಲ.

ಮೊದಲು ಹರ್ಷವರ್ಧನನನ್ನು ಇಳಿಸಿದರು. ಅವನು ಯಾವಾಗಲೂ ಮಾಡುವ ಹಾಗೆ ಚೆಂಡು ತಳ್ಳಿ ಓಡಿದ. ನಾಲ್ಕನೇ ನಂಬರಿನವನು ಓಡಲೇ ಇಲ್ಲ, ಮೊದಲೇ ನಾಲ್ಕು ಹೆಜ್ಜೆ ಹಿಂದೆ, ಮೈ ಅಡ್ಡ ತಿರುಗಿಸಿಕೊಂಡು ನಿಂತಿದ್ದ. ಹರ್ಷ ಹತ್ತಿರ ಬಂದಾಗ ಅವನೂ ಜೊತೆಗೇ ಹೊರಟ, ಹರ್ಷನ ಎರಡು ಹೆಜ್ಜೆಗೆ ಅವನದು ಒಂದು ಹೆಜ್ಜೆ. ಚೆಂಡನ್ನು ತೆಗೆದುಕೊಂಡು ಹಿಂದಕ್ಕೆ ಕೊಟ್ಟುಬಿಟ್ಟ. ಮೈಯೂ ತಾಗಲಿಲ್ಲ. ಎರಡನೇ ಸಲವೂ ಹಾಗೇ. ಹುಡುಗನಿಗೆ ತನಗಿಂತ ಜೋರಾಗಿ ಓಡುವ ಡಿಫೆಂಡರ್ ಸಿಕ್ಕಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಅವನು ಚೆಂಡು ಬಂದರೆ ಹೆದರುವ ಹಾಗಾಯಿತು. ಅಷ್ಟರಲ್ಲಿ ನಮ್ಮ ಮೇಲೆ ಒಂದು ಗೋಲು.

ಶಾಂತರಾಜು ಹರ್ಷನನ್ನು ಕರೆದುಕೊಂಡು, "ಓಗ್ಲಾ ಭೀಮ, ನೀನ್ ಏನ್ ಕಿತ್ ಹಾಕ್ತೀಯೋ ನೋಡವ" ಎಂದ.

ಭೀಮ ಗೋಲಿಗೆ ಬೆನ್ನು ಮಾಡಿ ನಿಂತ. ಚೆಂಡು ಕಾಲಿಗೆ ಬಂತು. ಬೆನ್ನಿಗೆ ಭಾರ ಬರಲಿ ಎಂದು ಕಾದ. ಬರಲಿಲ್ಲ. ನಾಲ್ಕನೇ ನಂಬರಿನವನು ಅರ್ಧ ಹೆಜ್ಜೆ ಬಿಟ್ಟು ಸುಮ್ಮನೆ ನಿಂತಿದ್ದಾನೆ. ಭೀಮ ಒಂದು ಕಡೆ ತಿರುಗಿದ, ತಿರುಗಿದ ಕಡೆಯಲ್ಲೇ ಅವನು ಇದ್ದ, ಚೆಂಡು ಹೋಯಿತು. ಸಂಬಳದವರಿಗೆ ಅದನ್ನೇ ಹೇಳಿಕೊಟ್ಟಿರುತ್ತಾರೆ, ಮೈಮೇಲೆ ಬೀಳಬೇಡ, ಅವನೇ ತಿರುಗಲಿ, ಆಮೇಲೆ ತೆಗೆದುಕೋ ಎಂದು. ಭೀಮನ ಬೆನ್ನಿಗೆ ಓದಲು ಏನೂ ಇರಲಿಲ್ಲ.

ಮುಂದಿನ ಸಲ ಭೀಮ ಹಿಂದಕ್ಕೆ ಜರುಗಿದ. ಅವನ ಹಿಮ್ಮಡಿ ನಾಲ್ಕನೇ ನಂಬರಿನವನ ಮೊಣಕಾಲ ಕೆಳಗೆ ಬಡಿಯಿತು. ಆಗ ಅದು ಆಯಿತು. ಚೆಂಡು ಎದುರಿಗೆ ಇರುವಾಗ ಭೀಮ ತಿರುಗಿ, ಬಗ್ಗಿ, ಆ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ನಮ್ಮ ಕಡೆಯ ಆಟಗಳಲ್ಲಿ ಇದು ಆಗುತ್ತದೆ. ಎದುರಿನವನೂ ಅಭ್ಯಾಸದಲ್ಲಿ ಇವನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ, ಇಬ್ಬರೂ ಮತ್ತೆ ಚೆಂಡಿನ ಹಿಂದೆ ಓಡುತ್ತಾರೆ. ಯಾರಿಗೂ ನಷ್ಟವಿಲ್ಲ. ನಾಲ್ಕನೇ ನಂಬರಿನವನಿಗೆ ಅದು ಏನು ಎಂದು ತಿಳಿಯಲಿಲ್ಲ. ಒಂದು ಕ್ಷಣ ಭೀಮನನ್ನೇ ನೋಡಿದ, ಆಮೇಲೆ ಚೆಂಡು ತೆಗೆದುಕೊಂಡು ಹೋದ. ಅವನು ದಡ್ಡನಲ್ಲ. ಇನ್ನೊಂದು ಸಲ ಚೆಂಡು ಭೀಮನಿಗೆ ಬಂದಾಗ ಬೇಕೆಂದೇ ಕಾಲು ಮುಂದಿಟ್ಟು ಭೀಮನ ಪಾದಕ್ಕೆ ತಾಗಿಸಿದ. ಭೀಮ ಬಗ್ಗಿದ. ಚೆಂಡು ಹೋಯಿತು. ಆ ಚೆಂಡೇ ಮುಂದೆ ಹೋಗಿ ನಮ್ಮ ಮೇಲೆ ಎರಡನೇ ಗೋಲಾಯಿತು.

ಜನ ನಕ್ಕರು. ಮೊದಲು ನಕ್ಕವನು ಶಾಂತರಾಜು. ನಾನು ಅವನ ಹಿಂದೆಯೇ ನಿಂತಿದ್ದೆ, ಅದಕ್ಕೆ ಗಟ್ಟಿಯಾಗಿ ಹೇಳುತ್ತೇನೆ. "ತೀರ್ಥ ಪ್ರಸಾದಾನೂ ಇಸ್ಕಳ್ಲಾ ಭೀಮ" ಎಂದು ಕೂಗಿದ. ಬೆಂಚಿನಲ್ಲಿ ಇದ್ದ ನಮ್ಮದೇ ಹುಡುಗರು ಹೊಟ್ಟೆ ಹಿಡಿದುಕೊಂಡರು. ಫೋನು ಎತ್ತಿದ್ದೂ ಅಲ್ಲಿಯೇ. ವಿಡಿಯೋದ ಮೂಲೆಯಲ್ಲಿ ನಮ್ಮ ತಂಡದ ನೀಲಿ ನೀರಿನ ಕ್ಯಾನು ಕಾಣುತ್ತದೆ, ಬೇಕಾದರೆ ನೋಡಿ.

ನಾಲ್ಕನೇ ನಂಬರಿನವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆಡಲು ಬಂದವನು, ಎದುರಿನವನು ಎಲ್ಲಿ ಸಡಿಲ ಎಂದು ಹುಡುಕುವುದು ಅವನ ಕೆಲಸ. ಅವನು ನಗಲೂ ಇಲ್ಲ. ನಕ್ಕವರೆಲ್ಲ ತಮ್ಮ ಮನೆಯಲ್ಲಿ ಅದೇ ಅಭ್ಯಾಸ ಕಲಿತವರು, ತಮ್ಮ ಮಕ್ಕಳಿಗೆ ಅದನ್ನೇ ಕಲಿಸುತ್ತಿರುವವರು. ಬೆಂಗಳೂರಿನವರ ಮುಂದೆ ಅವರಿಗೆ ಅದು ಹೊಸದಾಗಿ ತಮಾಷೆಯಾಗಿ ಕಂಡಿತು.

ಹಾಫ್ ಟೈಮಿನಲ್ಲಿ ಭೀಮ ಹೊಂಗೆ ಮರದ ಬುಡದಲ್ಲಿ ಒಬ್ಬನೇ ಕೂತ. ಧನಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಶಾಂತರಾಜು ದೊಡ್ಡ ಗಂಟಲಿನಲ್ಲಿ, "ಆಯ್ತು, ಭೀಮಂದು ಮುಗೀತು, ಜೆರ್ಸಿ ಬಿಚ್ಚು" ಎನ್ನುತ್ತಿದ್ದ.

"ಧನು, ಅವ್ರಿಗೆ ಯೋಳವ್ವ," ಎಂದು ಶುರು ಮಾಡಿದೆ. ಅವಳು ಬಾಯಿಂದ ಸೆರಗು ತೆಗೆಯಲೇ ಇಲ್ಲ. ನಾನು ಅವಳನ್ನು ದಾಟಿ ಹೋಗಿ ಅಳಿಯನ ಎದುರು ನಿಂತೆ. ಅವನು ಗಾಬರಿಯಲ್ಲಿ ಎದ್ದು ನಿಂತ.

"ಯಾರ್ಡಲ್ಲಿ ಮೂಟೆ ಒತ್ಕಂಡು ಓಯ್ತಿರುವಾಗ ಯಾರ್ದಾದ್ರೂ ಕಾಲ್ ತುಳುದ್ರೆ ಏನ್ ಮಾಡ್ತೀರಿ?"

ಅವನು ನೆಲ ನೋಡಿಕೊಂಡು, "ಮುಟ್ಟಿ ಕಣ್ಗೊತ್ಕತೀನಿ ಅತ್ತೆ" ಎಂದ.

"ಮೂಟೆ?"

"ಬೆನ್ ಮೇಲೇ ಇರ್ತದೆ."

"ಕೆಳಕ್ ಬುಡಲ್ವಾ?"

"ಬುಟ್ರೆ ಒಡೆದೋಯ್ತದಲ್ಲ ಅತ್ತೆ."

"ಮತ್ತೆ ಚೆಂಡ ಯಾಕ್ ಬುಟ್ರಿ?"

ಅವನು ಬಲಗಾಲನ್ನು ನೆಲದ ಮೇಲೆ ಮೆಲ್ಲಗೆ ಎಳೆದ, ಅಂಗಾಲಿನ ಕೆಳಗೆ ಏನೋ ಇರುವ ಹಾಗೆ.

ಶಾಂತರಾಜು ಬಂದ. "ಏನಜ್ಜಿ, ಕೋಚಿಂಗ್ ಜೋರಾಗದೆ. ಚುರುಮುರಿ ವ್ಯಾಪಾರ ಬುಟ್ಬುಟ್ರಾ?"

"ನೀನ್ ತಿಂದಿದ್ದು ಸಾಕಾಗ್ಲಿಲ್ವೇನಪ್ಪ ಇನ್ನೂ," ಎಂದೆ. "ಎಲ್ರೂ ಕೈ ಚಾಚ್ಕಂಡು ನಿಂತಿದ್ರೆ ನಿನ್ ಕೈ ಒಂದೇ ನನ್ ಚುರುಮುರಿ ಡಬ್ಬದೊಳಕ್ಕೆ ಬರ್ತಿತ್ತು. ಆ ಕೈಲಿ ಇವತ್ತು ಜೆರ್ಸಿ ಬಿಚ್ಚಿಸ್ತೀಯಾ?"

ಸುತ್ತ ಇದ್ದವರು ಅವನನ್ನು ನೋಡಿ ನಕ್ಕರು. ತನ್ನ ಕಡೆ ಹೊರಳಿದ ನಗು ಅವನಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಮೈದಾನದ ಅಂಚಿನಲ್ಲಿ ಆಡುವ ನಮ್ಮ ಹುಡುಗನ ಪಾದ ಉಳುಕಿದೆ ಎಂದು ಸುದ್ದಿ ಬಂತು, ಆ ಜಾಗಕ್ಕೆ ಹರ್ಷನನ್ನು ಕಳಿಸಬೇಕಾಯಿತು. ಮುಂದೆ ನಿಲ್ಲಲು ಭೀಮನನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ. "ಓಗು ಓಗು, ಇನ್ನಷ್ಟು ಮಾನ ಕಳಿ" ಎಂದು ಶಾಂತರಾಜು ಬೆನ್ನು ತಿರುಗಿಸಿದ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಭೀಮನಿಗೆ ಬಂತು. ನಾಲ್ಕನೇ ನಂಬರಿನವನು ಹಿಂದಿನಿಂದ ಕಾಲು ತಾಗಿಸಿದ. ಭೀಮ ಬಗ್ಗಿದ. ಜನ ನಗಲು ಬಾಯಿ ತೆಗೆದಿದ್ದರು. ಆದರೆ ಈ ಸಲ ಅವನ ಬಲ ಅಂಗಾಲು ಚೆಂಡಿನ ಮೇಲೆ ಇತ್ತು. ಅವನು ತಿರುಗದೆ, ಎಡಗೈಯನ್ನು ಮಾತ್ರ ಹಿಂದಕ್ಕೆ ಕೊಟ್ಟು ಆ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಚೆಂಡು ಅಲ್ಲೇ ಇತ್ತು. ಪುಕ್ಕಟೆ ಚೆಂಡು ಸಿಗುವ ಅಭ್ಯಾಸವಾಗಿದ್ದ ನಾಲ್ಕನೇ ನಂಬರಿನವನು ಅದನ್ನು ತೆಗೆಯಲು ಬಲಗಡೆಯಿಂದ ಕಾಲು ಚಾಚಿದ. ಅಷ್ಟು ಎತ್ತರದವನು, ಕೆಳಗೆ ಬಗ್ಗಿದ ಬೆನ್ನು, ಅವನ ಎದೆ ಪೂರ್ತಿ ಭೀಮನ ಬೆನ್ನಿನ ಮೇಲೆ ಬಂತು.

ಬೆಳಗಿನಿಂದ ಬಾರದ ಭಾರ ಆಗ ಬಂತು. ಬಲಕ್ಕೆ ವಾಲಿದ ಮೂಟೆ. ಭೀಮ ಸೊಂಟ ಕೊಟ್ಟು ಎಡಕ್ಕೆ ತಿರುಗಿದ, ನಾಲ್ಕನೇ ನಂಬರಿನವನು ಕೈ ಊರಿಕೊಂಡು ಮುಂದಕ್ಕೆ ಬಿದ್ದ. ಗೋಲಿನ ಮುಂದೆ ಭೀಮನೊಬ್ಬನೇ. ಅವನಿಗೇ ಅಷ್ಟು ಬೇಗ ನಂಬಿಕೆ ಬರಲಿಲ್ಲವೋ ಏನೋ, ಒದ್ದ ಚೆಂಡು ಗೋಲಿನ ಮೇಲೆ ಹಾರಿ ಹೊಂಗೆ ಮರದೊಳಗೆ ಹೋಯಿತು.

ಆಮೇಲೆ ನಾಲ್ಕನೇ ನಂಬರಿನವನು ಕಾಲು ತಾಗಿಸುವುದನ್ನು ನಿಲ್ಲಿಸಿದ. ಮತ್ತೆ ಅರ್ಧ ಹೆಜ್ಜೆ ಬಿಟ್ಟು ನಿಂತ. ಆಗ ಭೀಮ, ಲಾರಿಯ ಹಿಂಬದಿಗೆ ಬೆನ್ನು ಕೊಡಲು ಹೋಗುವ ಹಾಗೆ, ಚೆಂಡನ್ನು ಅಂಗಾಲಿನಲ್ಲಿ ಎಳೆದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದ. ಆ ಡಿಫೆಂಡರ್ ಹಿಂದೆ ಸರಿದ, ಇವನೂ ಸರಿದ. ಇನ್ನೂ ಸರಿದರೆ ಗೋಲ್ ಕೀಪರ್ ಮೈಮೇಲೆ ಹೋಗಬೇಕು, ಹಾಗಾಗಿ ಅವನು ನಿಂತ. ಭೀಮನ ಹಿಮ್ಮಡಿ ತಾಗಿತು. ಎಡಗೈ ಹೋಯಿತು, ಬೆನ್ನು ಬಗ್ಗಿತು. ಕೆಳಗೆ ಚೆಂಡು ಕಂಡ ಕೂಡಲೇ ನಾಲ್ಕನೇ ನಂಬರಿನವನ ಮೈ ತಡೆಯಲಿಲ್ಲ, ಮತ್ತೆ ವಾಲಿದ. ಈ ಸಲ ಭೀಮ ತಿರುಗಲೇ ಇಲ್ಲ. ಅವನನ್ನು ಬೆನ್ನ ಮೇಲೆ ಹಾಗೇ ಹೊತ್ತುಕೊಂಡು, ಚೆಂಡನ್ನು ಅಂಗಾಲಿನಲ್ಲಿ ಪಕ್ಕಕ್ಕೆ ಉರುಳಿಸಿದ.

ಪಕ್ಕದಿಂದ ಹರ್ಷ ಬರುತ್ತಿದ್ದ. ಅವನನ್ನು ಹಿಡಿಯುವಷ್ಟು ವೇಗ ಆ ತಂಡದಲ್ಲಿ ಒಬ್ಬನಿಗಿತ್ತು, ಆ ಒಬ್ಬ ಭೀಮನ ಬೆನ್ನ ಮೇಲೆ ಇದ್ದ. ಹುಡುಗ ಬೆಳಗಿನಿಂದ ಓಡಲಾಗದ ಓಟವನ್ನೆಲ್ಲ ಆಗ ಓಡಿ ಗೋಲು ಹೊಡೆದ.

ನಾವು ಸೋತೆವು, ಎರಡು ಒಂದು. ಸಂಬಳದವರ ಮೇಲೆ ಆ ಒಂದನ್ನು ಹಾಸನದವರು ಹೇಗೆ ಹೊಡೆದರು ಎಂದು ವಿಡಿಯೋದಲ್ಲಿ ಇಲ್ಲ. ಫೋನು ಹಿಡಿದವನಿಗೆ ಅಷ್ಟು ಹೊತ್ತಿಗೆ ಬೇಕಾದದ್ದು ಸಿಕ್ಕಿತ್ತು.

ಆ ದಿನ ಮನೆಯಲ್ಲಿ ಧನಲಕ್ಷ್ಮಿ, "ಹರ್ಷ ಗೋಲ್ ಹೊಡ್ದಾಗ ನೀವು ಬೇಕೂಂತ್ಲೇ ಕಾಲ್ ತಾಗ್ಸಿದ್ರಾ?" ಎಂದು ಕೇಳಿದಳು.

"ಬೆನ್ಗೆ ಭಾರ ಹುಡುಕ್ಕಂಡ್ ಓದೆ ಕಣೆ. ಕಾಲ್ ತಾಗ್ತು. ತಾಗಿದ್ ಮೇಲೆ ಮುಟ್ದೆ ಇರಾಕಾಯ್ತದಾ?" ಎಂದ. ಆಮೇಲೆ ಸ್ವಲ್ಪ ಗಟ್ಟಿಯಾಗಿ, ಅಡುಗೆಮನೆಗೆ ಕೇಳಲಿ ಎಂದು, "ಅತ್ತೆ ಉಂಡ್ರಾ ಕೇಳು" ಎಂದ.

ವಾರದೊಳಗೆ ವಿಡಿಯೋ ಊರೆಲ್ಲ ಸುತ್ತಿತು. ಯಾರ್ಡಿನಲ್ಲಿ ಅವನಿಗೆ ಹೆಸರು ಬಂತು, ನಮಸ್ಕಾರ ಭೀಮ. ಮೂಟೆ ಹೊತ್ತು ಹೋಗುತ್ತಿದ್ದರೆ ಬೇಕೆಂದೇ ಕಾಲು ಚಾಚಿ ಕೂರುವವರು ಹುಟ್ಟಿಕೊಂಡರು. ಅವನ ಕೈ ಹೋಗುತ್ತಿತ್ತು, ಅವರು ನಗುತ್ತಿದ್ದರು. ಸಾಲಗಾಮೆಯಿಂದ ಬರುವ ಒಬ್ಬ ಶುಂಠಿ ವ್ಯಾಪಾರಿ ತನ್ನ ಮೊಮ್ಮಗನನ್ನು ಕರೆತಂದು ತೋರಿಸಿದನಂತೆ. ಇದನ್ನೆಲ್ಲ ಭೀಮ ಹೇಳಲಿಲ್ಲ, ಅವನ ಜೊತೆ ಕೆಲಸ ಮಾಡುವವರ ಮನೆಯ ಹೆಂಗಸರು ಹೇಳಿದರು. ಕೇಳಿದ ದಿನ ನಾನು ಮುದ್ದೆಯನ್ನು ಕೋಲು ಮುರಿಯುವ ಹಾಗೆ ತಿರುವಿದೆ.

ಅರಕಲಗೂಡು ಟೂರ್ನಮೆಂಟಿಗೆ ಮೂರು ದಿನ ಇರುವಾಗ ಶಾಂತರಾಜು ಮನೆಗೆ ಬಂದ. ಧನಲಕ್ಷ್ಮಿ ಕಾಫಿ ಕೊಟ್ಟಳು. ನಾನು ಅಂಗಳದಲ್ಲಿ ಬಟ್ಟೆ ಹಿಂಡಿ ಹರವುತ್ತಿದ್ದೆ.

"ನೋಡು ಭೀಮ, ಗೋಲು ಹೊಡ್ದಿದ್ದು ಹರ್ಷ. ಮಾತಂದ್ರೆ ಮಾತು, ಒಂಬತ್ತು ಅವಂದು," ಎಂದ. ಭೀಮ ತಲೆಯಾಡಿಸಿದ. ಶಾಂತರಾಜು ಕಾಫಿ ಕುಡಿದು ಲೋಟ ಕೆಳಗಿಟ್ಟ. "ಆದ್ರೆ ನೀನೂ ಬಾ. ಅಲ್ಲಿಯ ಕಮಿಟಿಯವರು ನಿನ್ನೇ ಕೇಳ್ತಾವ್ರೆ. ಕೊನೆ ಹತ್ತು ನಿಮಿಷ ಇಳಿಸ್ತೀನಿ. ಒಂದೆರಡು ಸಲ ಮುಟ್ಟಿ ಕಣ್ಣಿಗೊತ್ಕೊ, ಮೈಕಿನಲ್ಲಿ ಅನೌನ್ಸ್ ಮಾಡ್ತಾರೆ. ಜನ ಸೇರ್ತಾರೆ ಕಣ್ಲಾ. ನಿಂಗೂ ಹೆಸರು."

ಭೀಮ ಆ ಖಾಲಿ ಲೋಟವನ್ನು ಎತ್ತಿ ಪಕ್ಕಕ್ಕೆ ಇಟ್ಟ. "ತಾಗಿದ್ರೆ ಒತ್ಕತೀನಿ ಸಾ. ತಾಗ್ದೇ ಒತ್ಕಳಾಕೆ ನಾನೇನ್ ಕೋಲೆ ಬಸವನಾ, ತಲೆ ಆಡ್ಸು ಅಂದ್ರೆ ಆಡ್ಸಾಕೆ?"

"ಓ, ದೊಡ್ ಮಾತು. ಅಂಗಾರೆ ಜೆರ್ಸಿ ಕೊಡು, ನಡೀತೀನಿ."

ಜೆರ್ಸಿ ನನ್ನ ಕೈಯಲ್ಲೇ ಇತ್ತು. ಅದನ್ನು ತಂತಿಗೆ ಹಾಕಿ ಎರಡೂ ಕಡೆ ಕ್ಲಿಪ್ಪು ಸಿಕ್ಕಿಸಿದೆ. ಶಾಂತರಾಜು ಎದ್ದು ಬಂದು ಕೈ ಚಾಚಿದ.

"ಒಣಗಿಲ್ಲ," ಎಂದೆ.

"ಪರವಾಗಿಲ್ಲಜ್ಜಿ, ಒದ್ದೇನೇ ಕೊಡಿ."

"ಒಣಗಿಲ್ಲ ಅಂದ್ನಲ್ಲಪ್ಪ. ನನ್ ತಂತಿ ಮೇಲಿರೋದನ್ನ ನಾನೇ ತೆಗೀಬೇಕು."

ಅವನು ನನ್ನ ಮುಖ ನೋಡಿದ. ನಾನು ಅವನ ಕೈ ನೋಡುತ್ತಿದ್ದೆ, ಡಬ್ಬದೊಳಕ್ಕೆ ಬರುತ್ತಿದ್ದ ಕೈ. ಅದು ಹಿಂದಕ್ಕೆ ಹೋಯಿತು. "ಹೊಸದು ಪ್ರಿಂಟ್ ಹಾಕಿಸ್ತೀನಿ, ಇದನ್ನ ನೀವೇ ಒಲೆ ಒರೆಸ್ಕಳಿ" ಎಂದು ಹೊರಟುಹೋದ.

ಭಾನುವಾರ ಬೆಳಿಗ್ಗೆ ಜೆರ್ಸಿ ಮಡಿಸಿ ಧನಲಕ್ಷ್ಮಿಯ ಕೈಗೆ ಕೊಟ್ಟೆ. "ಅವ್ರಿಗೆ ಕೊಡವ್ವ. ಒಣಗದೆ." ಭೀಮ ಅದನ್ನು ಚೀಲಕ್ಕೆ ಹಾಕಿಕೊಂಡ. ನಾವು ಮೂವರೂ ಅರಕಲಗೂಡಿನ ಬಸ್ಸು ಹತ್ತಿದೆವು.

ಅಲ್ಲಿ ಮೈಕಿನವನು ಆಗಲೇ ಶುರು ಮಾಡಿದ್ದ, ನಮಸ್ಕಾರ ಭೀಮ ಬಂದಿದ್ದಾರೆ, ನಮಸ್ಕಾರ ಭೀಮ. ಕಮಿಟಿಯವರಿಗೆ ಬೇಕಾದವನು ಎಂದು ಶಾಂತರಾಜು ಅವನನ್ನು ತಡೆಯಲಿಲ್ಲ. ಎದುರು ತಂಡದಲ್ಲಿ ಮೈಸೂರಿನಿಂದ ಕರೆಸಿದ ಇಬ್ಬರು ಸಂಬಳದ ಡಿಫೆಂಡರುಗಳು ಇದ್ದರು, ಅವರೂ ಎತ್ತರ, ಅವರೂ ಚುರುಕು. ನಮ್ಮ ತಂಡ ಸಾಲಾಗಿ ನಿಂತಾಗ ರೆಫರಿ ಸೀಟಿ ಊದಿ ಕೈ ಎತ್ತಿದ. ಸಾಲಿನಲ್ಲಿ ಇಬ್ಬರು ಒಂಬತ್ತನೇ ನಂಬರಿನವರು. ಒಂದು ಹೊಸದು, ಹೊಳೆಯುವುದು, ಹರ್ಷನ ಮೈಮೇಲೆ. ಇನ್ನೊಂದು ತೊಳೆದು ತೊಳೆದು ಅಂಚು ಬಿಳಚಿಕೊಂಡದ್ದು.

"ಒಬ್ರು ಬಿಚ್ಚಿ," ಎಂದ ರೆಫರಿ.

ಶಾಂತರಾಜು ಗೆರೆಯ ಹೊರಗಿನಿಂದ, "ಭೀಮ, ಬಿಚ್ಚಿ ಬಂದು ಕೂತ್ಕೊ" ಎಂದು ಕೂಗಿದ. ಭೀಮನ ಕೈ ಜೆರ್ಸಿಯ ಅಂಚಿಗೆ ಹೋಯಿತು. ಹೇಳಿದ್ದನ್ನು ಮಾಡಿ ಅಭ್ಯಾಸವಾದ ಕೈ ಅದು.

ಅಷ್ಟರಲ್ಲಿ ಹರ್ಷ ತನ್ನದನ್ನು ತಲೆಯ ಮೇಲಿಂದ ಎಳೆದು ತೆಗೆದ. ಶಾಂತರಾಜುವಿನ ಹತ್ತಿರ ಬಂದು ಅದನ್ನು ಅವನ ಹೆಗಲ ಮೇಲೆ ಹಾಕಿ, ಬೆಂಚಿನ ಮೇಲಿದ್ದ ಹದಿನಾಲ್ಕನೇ ನಂಬರಿನದನ್ನು ಎತ್ತಿಕೊಂಡ.

"ಏನ್ಲಾ ಇದು?" ಎಂದ ಶಾಂತರಾಜು.

"ಮಾವ, ಅವತ್ತು ನೀವು ನೋಡಿದ್ರೋ ಇಲ್ವೋ. ಭೀಮಣ್ಣ ಅವನನ್ನ ಹೊತ್ಕೊಂಡ್ ನಿಲ್ಲದೆ ಇದ್ದಿದ್ರೆ ನಾನು ಇವತ್ತಿಗೂ ಓಡ್ತಾನೇ ಇರ್ತಿದ್ದೆ, ಚೆಂಡು ಅವನ ಹತ್ರಾನೇ ಇರ್ತಿತ್ತು. ಇವ್ರೂ ಅಂಥವ್ರೇ. ಅವ್ರು ಮುಂದೆ ನಿಂತ್ರೆ ನಾನು ಆಡ್ತೀನಿ, ಇಲ್ಲಾಂದ್ರೆ ನೀವೇ ಹಾಕ್ಕೊಂಡ್ ಓಡಿ."

ಶಾಂತರಾಜು ಆ ಹೊಸ ಜೆರ್ಸಿಯನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆ ಹುಡುಗನ ಬಗ್ಗೆ ನನಗೆ ಇದ್ದ ಸಿಟ್ಟು ಮಾತ್ರ ಅವತ್ತು ಇಳಿಯಿತು, ಬೇರೆ ಯಾವುದೂ ಇಳಿಯಲಿಲ್ಲ.

ಆಟ ಶುರುವಾಯಿತು. ಭೀಮ ಗೋಲಿಗೆ ಬೆನ್ನು ಮಾಡಿ ನಿಂತ, ಚೆಂಡು ಬಂತು, ಅಂಗಾಲಿನ ಕೆಳಗೆ ಇಟ್ಟುಕೊಂಡ. ಹಿಂದೆ ಮೈಸೂರಿನವನು. ನನ್ನ ಮುಂದೆ ಕೂತಿದ್ದ ಒಬ್ಬ ಪ್ಯಾಂಟಿನ ಜೇಬಿನಿಂದ ಫೋನು ತೆಗೆದು ಎತ್ತಿ ಹಿಡಿದ. "ಈಗ ನೋಡು, ಈಗ ಬಗ್ತಾನೆ" ಎಂದು ಪಕ್ಕದವನಿಗೆ ಹೇಳಿದ. ನಾನು ಎದ್ದು ಹೋಗಿ ಅವನ ಫೋನಿನ ಎದುರಿಗೆ, ಸೆರಗು ಸರಿಮಾಡಿಕೊಂಡು, ನಿಂತುಕೊಂಡೆ.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ. ಕಾಣ್ತಿಲ್ಲ."

"ಕಣ್ಣಲ್ಲಿ ನೋಡದಾದ್ರೆ ಎದ್ದು ಈಕಡೆ ಬಂದು ನೋಡಪ್ಪ," ಎಂದೆ.

"ವಿಡಿಯೋ ತೆಗೀಬೇಕು ಅಜ್ಜಿ."

ನನ್ನ ಬೆನ್ನ ಹಿಂದೆ ಮೈದಾನದಲ್ಲಿ ಜನ ಕೂಗಿದರು, ಹರ್ಷನ ಹೆಸರು ಕೇಳಿಸಿತು, ಆಮೇಲೆ ಭೀಮನ ಹೆಸರು. ಬರೀ ಭೀಮ ಎಂದೇ ಕೂಗಿದರು. ಏನಾಯಿತೆಂದು ನನಗೆ ಕಾಣಲಿಲ್ಲ, ನನ್ನ ಮುಖ ಫೋನಿನ ಕಡೆ ಇತ್ತು. ನಾನು ಪಕ್ಕಕ್ಕೆ ಬರಲಿಲ್ಲ.